ಹಿತ್ತಲಿನ ಮರದಲ್ಲಿ ಹೆಜ್ಜಾರ್ಲೆ: ಕೊಕ್ಕರೆಬೆಳ್ಳೂರಿಗೆ ಹಕ್ಕಿ ನೋಡಲು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಜನರ ಹಿತ್ತಲುಗಳಲ್ಲಿ. ದನ ಕಟ್ಟುವ ಕೊಟ್ಟಿಗೆಯ ಪಕ್ಕದ ಹುಣಸೆಮರದಲ್ಲಿ, ಬಟ್ಟೆ ಒಣಹಾಕುವ ಅಂಗಳದ ಮೇಲೆ ಚಾಚಿದ ಕೊಂಬೆಯಲ್ಲಿ, ಬೀದಿಬದಿಯ ಅರಳಿಮರದಲ್ಲಿ ಅವು ಮರಿ ಮಾಡುತ್ತವೆ. ಹಾಗಾಗಿ ಇಲ್ಲಿಗೆ ಹಕ್ಕಿ ನೋಡಲು ಹೋಗುವುದೆಂದರೆ ಇನ್ನೊಬ್ಬರ ಮನೆಗೆ ಹೋಗುವುದೇ ಆಗಿದೆ. ಮೊದಲ ಬಾರಿಗೆ ಹೊರಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಬೇರೆ ಕಡೆಯ ಖಾಸಗಿ ತೋಟ, ಎಸ್ಟೇಟು, ಹಿತ್ತಲುಗಳಿಗೆ ಹೋಗುವವರಿಗೂ ಇವುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

ಕೊಕ್ಕರೆಬೆಳ್ಳೂರು ರಂಗನತಿಟ್ಟಿನಂತೆ ಪಕ್ಷಿಧಾಮವೇ?

ಅಲ್ಲ. ರಂಗನತಿಟ್ಟು 1940ರಲ್ಲಿ ಘೋಷಿತವಾದ ಪಕ್ಷಿಧಾಮ. ಅಲ್ಲಿನ ನಡುಗಡ್ಡೆಗಳು ಸರ್ಕಾರದ ವಶದಲ್ಲಿವೆ, ಟಿಕೆಟ್ ಪಡೆದು ದೋಣಿಯಲ್ಲಿ ಹೋಗಿ ನೋಡಿ ಬರುವ ವ್ಯವಸ್ಥೆಯಿದೆ. ಕೊಕ್ಕರೆಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಬಂದ ವರ್ಗ ಇದು. ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯದ ವ್ಯಾಪ್ತಿಗೆ ಸೇರದ ಖಾಸಗಿ ಇಲ್ಲವೇ ಸಮುದಾಯದ ಜಮೀನಿನಲ್ಲಿ, ಅಲ್ಲಿನ ಜನರೇ ವನ್ಯಜೀವಿಗಳನ್ನು ಉಳಿಸಲು ತಾವಾಗಿ ಮುಂದೆ ಬಂದಿದ್ದರೆ, ಆ ಪ್ರದೇಶವನ್ನು ಹೀಗೆ ಘೋಷಿಸಲು ಅವಕಾಶವಿದೆ. ಘೋಷಣೆಯಾದ ಮಾತ್ರಕ್ಕೆ ಜಮೀನು ಸರ್ಕಾರದ್ದಾಗುವುದಿಲ್ಲ. ಮನೆ, ಹಿತ್ತಲು, ಕಣ, ಮರ ಎಲ್ಲವೂ ಹಿಂದಿನಂತೆ ಆಯಾ ಕುಟುಂಬದವರದ್ದೇ. ಪ್ರವಾಸಿಗರಲ್ಲಿ ಬಹಳ ಮಂದಿಗೆ ಈ ಅಂಶ ತಿಳಿದಿರುವುದಿಲ್ಲ, ‘ಇದು ಅರಣ್ಯ ಇಲಾಖೆಯ ಜಾಗ’ ಎಂದುಕೊಂಡು ಯಾರದೋ ಅಡುಗೆಮನೆಯ ಹಿಂಬಾಗಿಲ ಬಳಿ ಟ್ರೈಪಾಡ್ ಊರುತ್ತಾರೆ. ಮುಂದಿನ ಉತ್ತರಗಳೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ.

ಹಕ್ಕಿಗಳು ಜನರ ನಡುವೆ ಏಕೆ ಗೂಡು ಕಟ್ಟುತ್ತವೆ?

ಗೂಡು ಕಟ್ಟಲು ಈ ಹಕ್ಕಿಗಳಿಗೆ ಭಾರ ತಾಳುವ ಎತ್ತರದ ಮರಗಳು ಬೇಕು, ಹಾರಿ ಹೋಗಿಬರುವ ದೂರದಲ್ಲಿ ಮೀನಿರುವ ನೀರು ಬೇಕು, ಗೂಡಿಗೆ ಕೈಹಾಕುವವರು ಇರಬಾರದು. ಊರಿನ ಪಕ್ಕದಲ್ಲೇ ಶಿಂಷಾ ಹರಿಯುತ್ತದೆ. ಮದ್ದೂರು ಕೆರೆ, ತೈಲೂರು ಕೆರೆ, ಸೂಳೆಕೆರೆ ಸುತ್ತಮುತ್ತ ಇವೆ. ಹುಣಸೆ, ಅರಳಿಯಂತಹ ಹಳೆಯ ಮರಗಳು ಮನೆಗಳ ನಡುವೆ ಬೆಳೆದಿವೆ. ಮೂರನೆಯದನ್ನು ಊರಿನವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಗೂಡಿನ ಕಾಲದಲ್ಲಿ ಬರುವ ಹಕ್ಕಿಗಳನ್ನು ಅವರು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಹೋಲಿಸುತ್ತಾರೆ. ಹಕ್ಕಿ ಬಂದ ವರ್ಷ ಊರಿಗೆ ಮಳೆ ಬೆಳೆ ಚೆನ್ನ ಎಂಬ ನಂಬಿಕೆಯೂ ಇದೆ. ಹಳೆಯ ಊರು ಶಿಂಷಾ ದಡದಲ್ಲಿತ್ತು, ಪ್ಲೇಗಿನ ಕಾಲದಲ್ಲಿ ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ.

ಹೆಜ್ಜಾರ್ಲೆಗಳು ಹೀಗೆ ಹಳ್ಳಿಯ ನಡುವೆ ಮರಿ ಮಾಡುವ ಪದ್ಧತಿ ಹಳೆಯದು. 19ನೇ ಶತಮಾನದ ಪಕ್ಷಿತಜ್ಞ ಟಿ. ಸಿ. ಜೆರ್ಡನ್, ಕರ್ನಾಟಿಕ್ ಎಂದು ಆಗ ಕರೆಯುತ್ತಿದ್ದ ಸೀಮೆಯ ಒಂದು ಹಳ್ಳಿಯಲ್ಲಿ ಮನೆಗಳ ನಡುವಿನ ಮರಗಳಲ್ಲಿ ಹೆಜ್ಜಾರ್ಲೆ ಗೂಡುಗಳನ್ನು ಕಂಡು ದಾಖಲಿಸಿದ್ದರು. ಕೊಕ್ಕರೆಬೆಳ್ಳೂರನ್ನು ಹೊರಗಿನ ಪಕ್ಷಿತಜ್ಞರ ಗಮನಕ್ಕೆ ತಂದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು, 1976ರಲ್ಲಿ. ಊರಿನವರಿಗೆ ಅದು ಅದಕ್ಕೂ ಬಹಳ ಮೊದಲಿನಿಂದ ಗೊತ್ತಿದ್ದ ಸಂಗತಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹೆಜ್ಜಾರ್ಲೆ ನಿಜವಾಗಿಯೂ ಅಪರೂಪದ ಹಕ್ಕಿಯೇ? ಬೆಂಗಳೂರಿನ ಕೆರೆಗಳಲ್ಲೂ ಕಾಣುತ್ತದಲ್ಲ?

ಹಾರಾಡುವ, ಮೀನು ಹಿಡಿಯುವ ಹೆಜ್ಜಾರ್ಲೆಯನ್ನು ಬೆಂಗಳೂರು, ಮೈಸೂರುಗಳ ಕೆರೆಗಳಲ್ಲಿ ಕಾಣುವುದು ಈಗ ಕಷ್ಟವಲ್ಲ. ಅಪರೂಪವಾಗಿರುವುದು ಅದು ಮರಿ ಮಾಡುವ ತಾಣ. ದಕ್ಷಿಣ ಹಾಗೂ ಆಗ್ನೇಯ ಏಷ್ಯಾಕ್ಕೆ ಸೀಮಿತವಾದ ಈ ಹಕ್ಕಿ ಆಯ್ದ ಕೆಲವೇ ಜಾಗಗಳಲ್ಲಿ ಗುಂಪಾಗಿ ಗೂಡು ಕಟ್ಟುತ್ತದೆ, ಮತ್ತು ಒಂದು ತಾಣ ಹಾಳಾದರೆ ಇಡೀ ಪ್ರದೇಶದ ಸಂತತಿಗೆ ಪೆಟ್ಟು ಬೀಳುತ್ತದೆ. ಆಂಧ್ರದ ಕೊಲ್ಲೇರು ಸರೋವರದ ಬಳಿ ಒಂದು ಕಾಲದಲ್ಲಿ ಬಹುದೊಡ್ಡ ಹೆಜ್ಜಾರ್ಲೆ ಸಂಸಾರವಿತ್ತು. 20ನೇ ಶತಮಾನದ ಉತ್ತರಾರ್ಧದಲ್ಲಿ ಅದು ಖಾಲಿಯಾಯಿತು. ಜಾಗತಿಕ ಅಪಾಯಸ್ಥಿತಿಯ ಪಟ್ಟಿ ತಯಾರಿಸುವ ಐಯುಸಿಎನ್ ಸಂಸ್ಥೆ ಈ ಪ್ರಭೇದವನ್ನು ಹಲವು ವರ್ಷ ‘ಅಪಾಯಕ್ಕೆ ಸಮೀಪ’ ಎಂಬ ವರ್ಗದಲ್ಲಿ ಇರಿಸಿತ್ತು. ಆದ್ದರಿಂದ ಕೆರೆಯಲ್ಲಿ ತೇಲುವ ಹೆಜ್ಜಾರ್ಲೆಯನ್ನು ನೋಡುವಾಗ ಬೇಕಾದ ಎಚ್ಚರಕ್ಕಿಂತ ಗೂಡಿನಲ್ಲಿ ಕುಳಿತ ಹೆಜ್ಜಾರ್ಲೆಯನ್ನು ನೋಡುವಾಗ ಬೇಕಾದ ಎಚ್ಚರ ಬಹಳ ಹೆಚ್ಚಿನದು.

ಯಾವ ತಿಂಗಳಲ್ಲಿ ಹೋಗಬೇಕು?

ಮಳೆಗಾಲ ಮುಗಿದು ಕೆರೆಗಳು ತುಂಬಿದ ಮೇಲೆ, ಸಾಮಾನ್ಯವಾಗಿ ನವೆಂಬರ್–ಡಿಸೆಂಬರ್ ಹೊತ್ತಿಗೆ ಹೆಜ್ಜಾರ್ಲೆಗಳು ಬರತೊಡಗುತ್ತವೆ. ಬಣ್ಣದ ಕೊಕ್ಕರೆಗಳು ಸ್ವಲ್ಪ ತಡವಾಗಿ ಸೇರಿಕೊಳ್ಳುತ್ತವೆ. ಮೊಟ್ಟೆಗೆ ಸುಮಾರು ಒಂದು ತಿಂಗಳು ಕಾವು ಬೇಕು, ಮರಿ ಗೂಡು ಬಿಟ್ಟು ಸ್ವತಂತ್ರವಾಗಲು ಮೂರು ತಿಂಗಳಿಗೂ ಮಿಕ್ಕ ಕಾಲ ಹಿಡಿಯುತ್ತದೆ. ಹೀಗಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮರಗಳು ತುಂಬಿರುತ್ತವೆ, ಮೇ–ಜೂನ್ ವೇಳೆಗೆ ಖಾಲಿಯಾಗುತ್ತವೆ. ಮಳೆ ಕಡಿಮೆಯಾದ ವರ್ಷ ಈ ಲೆಕ್ಕ ಹಿಂದೆಮುಂದೆ ಆಗುತ್ತದೆ. ಜುಲೈನಿಂದ ಅಕ್ಟೋಬರ್ ನಡುವೆ ಹೋದವರಿಗೆ ಊರು ಕಾಣುತ್ತದೆ, ಹಕ್ಕಿ ಕಾಣುವುದಿಲ್ಲ.

ದಿನದಲ್ಲಿ ಬೆಳಿಗ್ಗೆ ಅಥವಾ ಸಂಜೆ ನಾಲ್ಕರ ನಂತರ ಹೋಗುವುದು ಉತ್ತಮ. ಹಕ್ಕಿಗಳ ಓಡಾಟ ಆಗ ಹೆಚ್ಚು ಎಂಬುದು ಒಂದು ಕಾರಣ. ಬಿಸಿಲು ಏರಿದ ಹೊತ್ತಿನಲ್ಲಿ ತಾಯಿಹಕ್ಕಿ ಗೂಡು ಬಿಟ್ಟು ಏಳುವಂತಾದರೆ ಆಗುವ ಹಾನಿ ದೊಡ್ಡದು ಎಂಬುದು ಅದಕ್ಕಿಂತ ಮುಖ್ಯವಾದ ಕಾರಣ.

ಹಿತ್ತಲಿನೊಳಗೆ ಹೋಗಲು ಅನುಮತಿಯನ್ನು ಹೇಗೆ ಕೇಳಬೇಕು?

ಮೊದಲು, ಒಳಗೆ ಹೋಗುವ ಅಗತ್ಯವಿದೆಯೇ ಎಂದು ನೋಡಿ. ಗೂಡಿರುವ ಮರಗಳಲ್ಲಿ ಹಲವು ಬೀದಿಯಿಂದಲೇ ಚೆನ್ನಾಗಿ ಕಾಣುತ್ತವೆ; ಬೈನಾಕ್ಯುಲರ್ ಇದ್ದರೆ ಬೀದಿಯಲ್ಲಿ ನಿಂತೇ ಮರಿಗೆ ಉಣಿಸುವುದನ್ನೂ ನೋಡಬಹುದು. ಅಷ್ಟರಲ್ಲಿ ತೃಪ್ತರಾಗುವುದು ಸಾಧ್ಯವಿದ್ದರೆ ಯಾರಿಗೂ ತೊಂದರೆಯಿಲ್ಲ.

ಒಳಗೆ ಹೋಗಲೇಬೇಕೆಂದಿದ್ದರೆ ಬೇಲಿಯ ಆಚೆಯಿಂದ ಕೂಗಿ ಕೇಳಬೇಡಿ, ಹಿತ್ತಲಿನ ಕಡೆಯಿಂದಲೂ ಹೋಗಬೇಡಿ. ಮನೆಯ ಮುಂಬಾಗಿಲಿಗೆ ಹೋಗಿ, ಜಗುಲಿಯ ಕೆಳಗೆ ನಿಂತು, ಮನೆಯವರು ಹೊರಗೆ ಬರುವವರೆಗೆ ಕಾಯಿರಿ. ಕ್ಯಾಮೆರಾ ಚೀಲದೊಳಗಿರಲಿ. ಎಲ್ಲಿಂದ ಬಂದಿರಿ, ಎಷ್ಟು ಜನ ಇದ್ದೀರಿ, ಎಷ್ಟು ಹೊತ್ತು ನಿಲ್ಲುತ್ತೀರಿ ಎಂಬುದನ್ನು ಮೊದಲೇ ಹೇಳಿ. ‘ಅಮ್ಮಾ, ನಾವು ಬೆಂಗಳೂರಿಂದ ಬಂದಿದ್ದೀವಿ, ಮೂರು ಜನ ಇದ್ದೀವಿ. ನಿಮ್ಮ ಹಿತ್ತಲ ಮರದಲ್ಲಿರೋ ಹಕ್ಕೀನ ಸ್ವಲ್ಪ ಹೊತ್ತು ನೋಡ್ಕೊಂಡು ಹೋಗಬಹುದಾ?’ ಎಂದು ಕೇಳಿದರೆ ಸಾಕು. ಹೆಚ್ಚಿನ ಮನೆಗಳಲ್ಲಿ ಒಳಗೆ ಕರೆಯುವುದರ ಜೊತೆಗೆ ಯಾವ ಕೊಂಬೆಯಲ್ಲಿ ಮರಿ ದೊಡ್ಡದಾಗಿದೆ ಎಂಬುದನ್ನೂ ತೋರಿಸುತ್ತಾರೆ. ಹಿತ್ತಲಿನಲ್ಲಿ ಸ್ನಾನದ ಮನೆ ಇರುತ್ತದೆ, ಹೆಂಗಸರು ಪಾತ್ರೆ ಬಟ್ಟೆಯ ಕೆಲಸದಲ್ಲಿರುತ್ತಾರೆ, ಬಾಣಂತಿಯೋ ವಯಸ್ಸಾದವರೋ ಮಲಗಿರಬಹುದು. ‘ಐದು ನಿಮಿಷ ಬಿಟ್ಟು ಬನ್ನಿ’ ಎಂದರೆ ಅದಕ್ಕೆ ಕಾರಣ ಕೇಳದೆ ಹೊರಗೆ ಕಾಯುವುದು ಮರ್ಯಾದೆ.

ಒಬ್ಬ ಮನೆಯವರ ಒಪ್ಪಿಗೆ ಪಕ್ಕದ ಮನೆಗೆ ಅನ್ವಯಿಸುವುದಿಲ್ಲ. ಹಿತ್ತಲುಗಳ ನಡುವೆ ಗೋಡೆ ಇಲ್ಲದಿರಬಹುದು, ಬೇಲಿ ಬಿದ್ದಿರಬಹುದು. ಗಡಿ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ. ಅಂಗಳದಲ್ಲಿ ಒಣಹಾಕಿದ ರಾಗಿ, ಹುರುಳಿ, ಹುಣಸೆಹಣ್ಣನ್ನು ತುಳಿಯದಂತೆ, ಕಟ್ಟಿದ ದನಕರು ಬೆದರದಂತೆ ನಡೆಯಿರಿ. ಹೋಗುವಾಗ ಹೇಳಿ ಹೊರಡಿ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಅಥವಾ ಬೇಡ ಎಂದರೆ?

ಯಾರೂ ಇಲ್ಲದಿದ್ದರೆ ಅನುಮತಿಯೂ ಇಲ್ಲ. ಬೇಡ ಎಂದವರ ಮುಂದೆ ದೂರದಿಂದ ಬಂದ ಕಥೆ ಹೇಳಿ ಒತ್ತಾಯಿಸಬಾರದು. ಗೂಡಿನ ಕಾಲದಲ್ಲಿ ಒಂದೊಂದು ಭಾನುವಾರ ಅದೇ ಹಿತ್ತಲಿಗೆ ಎಷ್ಟೋ ಗುಂಪುಗಳು ಬರುತ್ತವೆ, ನೀವು ಆ ದಿನದ ಮೊದಲಿನವರಾಗಿರುವುದಿಲ್ಲ.

ಮನೆಯವರಿಗೆ ಹಣ ಕೊಡಬೇಕೇ?

ಈ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರವಿಲ್ಲ. ಇಲ್ಲಿ ಹೇಳುವುದು ಬರೆಯುತ್ತಿರುವವರ ಅಭಿಪ್ರಾಯ. ಬಾಗಿಲಲ್ಲೇ ನೋಟು ಹಿಡಿದು ಒಳಗೆ ಬಿಡಿ ಎನ್ನುವುದು ತಪ್ಪು, ಏಕೆಂದರೆ ಅದು ಆತಿಥ್ಯವನ್ನು ವ್ಯಾಪಾರ ಮಾಡುತ್ತದೆ ಮತ್ತು ಹಣ ಹೆಚ್ಚು ಕೊಟ್ಟವರು ಹಕ್ಕಿಗೆ ಹೆಚ್ಚು ಹತ್ತಿರ ಹೋಗಬಹುದು ಎಂಬ ಭಾವನೆಗೆ ದಾರಿ ಮಾಡುತ್ತದೆ. ಆದರೆ ಏನನ್ನೂ ಕೊಡದೆ ಬರುವುದೇ ಸಭ್ಯತೆ ಎಂದೂ ಹೇಳಲಾಗದು. ಮರ ಉಳಿಸಿಕೊಂಡಿದ್ದಕ್ಕೆ ಈ ಕುಟುಂಬಗಳು ನಷ್ಟ ಹೊತ್ತಿವೆ. ಮನೆಯವರು ಹುಣಸೆಹಣ್ಣು, ತರಕಾರಿ, ಎಳನೀರು ಮಾರುತ್ತಿದ್ದರೆ ಚೌಕಾಸಿ ಮಾಡದೆ ಕೊಂಡುಕೊಳ್ಳಿ. ಊರಿನ ಅಂಗಡಿಯಲ್ಲೇ ಕಾಫಿ ಕುಡಿಯಿರಿ. ಬಿದ್ದ ಮರಿಗಳ ಆರೈಕೆಗೆ ನೆರವು ಸ್ವೀಕರಿಸುತ್ತಾರೆಯೇ ಎಂದು ಊರಿನಲ್ಲಿ ವಿಚಾರಿಸಿ ಅಲ್ಲಿಗೆ ಕೊಡಿ. ನೀವು ತೆಗೆದ ಒಳ್ಳೆಯ ಚಿತ್ರವೊಂದನ್ನು ಮುದ್ರಿಸಿ ಆ ಮನೆಗೆ ಕಳುಹಿಸುವುದೂ ಬಹಳ ಸಂತೋಷ ತರುವ ಕೆಲಸ.

ಹಕ್ಕಿಗಳಿಂದ ಊರಿನವರಿಗೆ ನಷ್ಟವೇನು? ಲಾಭವೂ ಇದೆಯಲ್ಲ?

ಎರಡೂ ಇವೆ, ಆದರೆ ಸರಿಸಮವಾಗಿಲ್ಲ.

ಹುಣಸೆಹಣ್ಣು ಬಲಿತು ಕೀಳುವ ಕಾಲವೂ ಹಕ್ಕಿಗಳು ಮರಿ ಮಾಡುವ ಕಾಲವೂ ಒಂದೇ. ಗೂಡಿರುವ ಮರವನ್ನು ಹತ್ತಿ ಹಣ್ಣು ಬಡಿಯುವಂತಿಲ್ಲ; ಬಡಿಯದಿದ್ದರೆ ಆ ವರ್ಷದ ಆದಾಯ ಹೋಯಿತು. ಹಿಕ್ಕೆ ಬಿದ್ದು ಎಲೆಗಳು ಸುಡುತ್ತವೆ, ಫಸಲು ಇಳಿಯುತ್ತದೆ. ಹಳೆಯ ಮರಕ್ಕೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಇರುವಾಗಲೂ ಅದನ್ನು ಕಡಿಯದೆ ಬಿಡಬೇಕು, ಮನೆ ವಿಸ್ತರಿಸಬೇಕಾದವರು ಕೊಂಬೆಯನ್ನು ಸುತ್ತುಬಳಸಿ ಗೋಡೆ ಕಟ್ಟಬೇಕು. ಜೊತೆಗೆ ವಾಸನೆ. ನೂರಾರು ದೊಡ್ಡ ಹಕ್ಕಿಗಳು ತಿಂಗಳುಗಟ್ಟಲೆ ಮೀನು ತಂದು ಮರಿಗಳಿಗೆ ಉಣಿಸುವ ಮರದ ಕೆಳಗೆ ಬಿದ್ದು ಕೊಳೆಯುವ ಮೀನಿನ ನಾತ, ಹೊರಗಿನವರಿಗೆ ಅರ್ಧ ಗಂಟೆಯ ಅನುಭವ, ಮನೆಯವರಿಗೆ ಇಡೀ ಬೇಸಿಗೆಯದು. ಅದರ ಬಗ್ಗೆ ಮೂಗು ಮುಚ್ಚಿಕೊಂಡು ಟೀಕೆ ಮಾಡಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇವೆ.

ಲಾಭದ ಕಡೆಗೆ ಗೊಬ್ಬರವಿದೆ. ಮೀನು ತಿನ್ನುವ ಹಕ್ಕಿಗಳ ಹಿಕ್ಕೆಯಲ್ಲಿ ಸಾರಜನಕ, ರಂಜಕ ಹೇರಳವಾಗಿರುತ್ತವೆ. ಮರದ ಕೆಳಗೆ ಗುಂಡಿ ತೆಗೆದು, ಕೆರೆಯ ಗೋಡು ಹರಡಿ, ಅದರ ಮೇಲೆ ಬಿದ್ದ ಹಿಕ್ಕೆಯನ್ನು ಬೆರೆಸಿ ಹೊಲಕ್ಕೆ ಹಾಕುವ ಪದ್ಧತಿ ಇಲ್ಲಿ ಮೊದಲಿನಿಂದ ನಡೆದು ಬಂದಿದೆ. ಅಗ್ಗದ ರಾಸಾಯನಿಕ ಗೊಬ್ಬರ ಬಂದ ಮೇಲೆ ಈ ಲಾಭದ ಬೆಲೆ ಮೊದಲಿನಷ್ಟು ಉಳಿದಿಲ್ಲ. ಗೂಡಿರುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರಧನ ಕೊಡುವ ವ್ಯವಸ್ಥೆ ಇದೆ. ಮರವೊಂದು ನಿಜವಾಗಿ ತರಬಹುದಾಗಿದ್ದ ಆದಾಯದ ಮುಂದೆ ಆ ಮೊತ್ತ ಚಿಕ್ಕದು ಎಂಬುದು ಊರಿನವರ ದೀರ್ಘಕಾಲದ ಮಾತು, ಮತ್ತು ಅದು ನ್ಯಾಯವಾದ ಮಾತು. ಹಕ್ಕಿಗಳನ್ನು ಕಾನೂನಿಗಿಂತ ಹೆಚ್ಚಾಗಿ ಕಾಯುತ್ತಿರುವುದು ಈ ಕುಟುಂಬಗಳ ಮನಸ್ಸು. ಹೊರಗಿನಿಂದ ಬಂದವರ ನಡತೆಯಿಂದ ಬೇಸತ್ತು ಒಂದು ಮನೆಯವರು ‘ಮರವೇ ಬೇಡ’ ಎಂದು ತೀರ್ಮಾನಿಸಿದರೆ ಹತ್ತಾರು ಗೂಡುಗಳ ನೆಲೆ ಒಂದೇ ದಿನಕ್ಕೆ ಹೋಗುತ್ತದೆ, ಹೊಸದಾಗಿ ನೆಟ್ಟ ಹುಣಸೆ ಆ ಗಾತ್ರಕ್ಕೆ ಬರಲು ದಶಕಗಳು ಬೇಕು.

ಹಕ್ಕಿಗಳು ಜನರಿಗೆ ಹೊಂದಿಕೊಂಡಿವೆಯಲ್ಲ, ಹತ್ತಿರ ಹೋದರೆ ಏನಾಗುತ್ತದೆ?

ಅವು ಹೊಂದಿಕೊಂಡಿರುವುದು ಆ ಹಿತ್ತಲಿನ ದಿನನಿತ್ಯದ ಬದುಕಿಗೆ: ಕಸ ಗುಡಿಸುವವರಿಗೆ, ಹಾಲು ಕರೆಯುವವರಿಗೆ, ಮರದ ಕೆಳಗೇ ಆಡುವ ಆ ಮನೆಯ ಮಕ್ಕಳಿಗೆ. ಗುಂಪಾಗಿ ಬಂದು, ತಲೆಯೆತ್ತಿ ದಿಟ್ಟಿಸುತ್ತ, ಉದ್ದನೆಯ ಲೆನ್ಸುಗಳನ್ನು ಮೇಲೆತ್ತುವ ಅಪರಿಚಿತರು ಅವುಗಳಿಗೆ ಬೇರೆಯೇ.

ಹಕ್ಕಿ ಬೆದರಿದೆ ಎಂಬುದಕ್ಕೆ ಕುರುಹುಗಳಿವೆ. ಕುಳಿತಿದ್ದ ಹಕ್ಕಿ ಎದ್ದು ನಿಲ್ಲುತ್ತದೆ, ಕತ್ತು ಉದ್ದ ಮಾಡಿ ನಿಮ್ಮತ್ತಲೇ ನೋಡುತ್ತದೆ, ರೆಕ್ಕೆ ಅರೆಬಿಚ್ಚುತ್ತದೆ. ಇವುಗಳಲ್ಲಿ ಮೊದಲನೆಯದು ಕಂಡಾಗಲೇ ಹಿಂದೆ ಸರಿಯಬೇಕು, ಹಾರಿ ಹೋಗುವವರೆಗೆ ಕಾಯಬಾರದು. ಮಾರ್ಚ್–ಏಪ್ರಿಲ್‌ನ ಬಿಸಿಲಿನಲ್ಲಿ ಮರಿಗಳಿಗೆ ತಾಯಿತಂದೆಯ ದೇಹವೇ ನೆರಳು. ಬಣ್ಣದ ಕೊಕ್ಕರೆಗಳು ರೆಕ್ಕೆ ಬಿಚ್ಚಿ ಮರಿಗಳ ಮೇಲೆ ನೆರಳು ಹಿಡಿದು ನಿಂತಿರುವುದನ್ನು ನೀವೇ ನೋಡುತ್ತೀರಿ. ಆ ನೆರಳು ತಪ್ಪಿದರೆ ಗರಿ ಮೂಡದ ಮರಿ ಸ್ವಲ್ಪ ಹೊತ್ತಿನಲ್ಲೇ ಬಸವಳಿಯುತ್ತದೆ. ಕಾಗೆ ಮತ್ತು ಹದ್ದುಗಳು ಇಂಥ ಸಮಯಕ್ಕೇ ಕಾದಿರುತ್ತವೆ. ಇನ್ನು ಸ್ವಲ್ಪ ಬೆಳೆದ ಮರಿಗಳು ಗಾಬರಿಯಿಂದ ಕೊಂಬೆಯಂಚಿಗೆ ಸರಿದು ಕೆಳಗೆ ಬೀಳುತ್ತವೆ, ನುಂಗಿದ ಮೀನನ್ನು ಕಕ್ಕುತ್ತವೆ. ಆ ಒಂದು ತುತ್ತಿಗಾಗಿ ಹಿರಿಯ ಹಕ್ಕಿ ಕೆರೆಯಿಂದ ಕೆರೆಗೆ ಅಲೆದು ಬಂದಿರುತ್ತದೆ.

ಇಷ್ಟು ಅಡಿ ದೂರ ಎಂದು ಎಲ್ಲ ಮರಗಳಿಗೂ ಒಂದೇ ಅಳತೆ ಹೇಳುವುದು ಸರಿಯಲ್ಲ. ಗೂಡಿನ ನೇರ ಕೆಳಗೆ ನಿಲ್ಲಬೇಡಿ, ಮನೆಯವರು ತೋರಿಸಿದ ಜಾಗದಿಂದ ಮುಂದೆ ಹೋಗಬೇಡಿ, ಐದಾರು ಜನಕ್ಕಿಂತ ಹೆಚ್ಚಿದ್ದರೆ ಸರದಿಯಲ್ಲಿ ಹೋಗಿ. ಬಣ್ಣ ಎದ್ದು ಕಾಣುವ ಬಟ್ಟೆ, ಜೋರು ಮಾತು, ವಾಹನದ ಹಾರ್ನು ಬೇಡ.

ಛಾಯಾಚಿತ್ರ ತೆಗೆಯಬಹುದೇ? ಡ್ರೋನ್?

ಚಿತ್ರ ತೆಗೆಯಬಹುದು, ಫ್ಲ್ಯಾಷ್ ಇಲ್ಲದೆ. ಹಕ್ಕಿ ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು, ಕೊಂಬೆ ಅಲುಗಿಸುವುದು ಕ್ರೌರ್ಯ. ಅದು ಅಪರಾಧವೂ ಹೌದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯೊಳಗೆ ಕಾಡುಹಕ್ಕಿಗಳ ಮೊಟ್ಟೆ ಹಾಳುಮಾಡುವುದರ ಜೊತೆಗೆ ಮೊಟ್ಟೆ ಮತ್ತು ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಡ್ರೋನನ್ನು ತರಲೇಬೇಡಿ. ಮೇಲಿನಿಂದ ಎರಗುವ ವಸ್ತುವನ್ನು ಹಕ್ಕಿಗಳು ಬೇಟೆಗಾರ ಹಕ್ಕಿ ಎಂದೇ ಭಾವಿಸುತ್ತವೆ, ಇಡೀ ಮರ ಒಮ್ಮೆಲೇ ಖಾಲಿಯಾಗಬಹುದು.

ಮನೆಯವರ, ವಿಶೇಷವಾಗಿ ಹೆಂಗಸರು ಮಕ್ಕಳ ಚಿತ್ರ ತೆಗೆಯಲು ಬೇರೆಯೇ ಅನುಮತಿ ಬೇಕು. ಹಕ್ಕಿಯ ಚಿತ್ರಕ್ಕೆ ಒಪ್ಪಿದವರು ತಮ್ಮ ಹಿತ್ತಲಿನ ಬಟ್ಟೆಬರೆ, ಬಚ್ಚಲು ಚಿತ್ರದಲ್ಲಿ ಬರಲು ಒಪ್ಪಿದ್ದಾರೆ ಎಂದು ತಿಳಿಯಬಾರದು.

ಗೂಡಿನಿಂದ ಮರಿ ಬಿದ್ದಿರುವುದನ್ನು ಕಂಡರೆ?

ಮುಟ್ಟಬೇಡಿ, ನೀರು ಕುಡಿಸಬೇಡಿ, ಮರಳಿ ಗೂಡಿಗೆ ಇಡಲು ಮರ ಹತ್ತಬೇಡಿ. ತಕ್ಷಣ ಮನೆಯವರಿಗೆ ಹೇಳಿ. ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯವರು 1990ರ ದಶಕದಿಂದ ಊರಿನವರೊಂದಿಗೆ ಕೆಲಸ ಮಾಡುತ್ತ ಬಂದಿದ್ದಾರೆ. ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ ರೂಪುಗೊಂಡದ್ದು ಆ ಒಡನಾಟದಿಂದ. ಬಿದ್ದ ಮರಿಗಳನ್ನು ಬೇಲಿ ಹಾಕಿದ ಆವರಣದಲ್ಲಿ ಇರಿಸಿ, ಮೀನು ಕೊಟ್ಟು ಸಾಕಿ, ಹಾರುವ ಶಕ್ತಿ ಬಂದ ಮೇಲೆ ಬಿಡುವ ಕೆಲಸವನ್ನು ಇವರು ನಡೆಸಿದ್ದಾರೆ. ಆ ಆವರಣದ ಹಕ್ಕಿಗಳೊಂದಿಗೆ ಸೆಲ್ಫಿ ಬೇಡ. ಮನುಷ್ಯರ ಸಲಿಗೆ ಹೆಚ್ಚಿದಷ್ಟೂ ಅವುಗಳ ಮುಂದಿನ ಬದುಕು ಕಷ್ಟವಾಗುತ್ತದೆ.

ಸತ್ತ ಹಕ್ಕಿ ಕಂಡರೂ ತಿಳಿಸಿ. 2017ರ ಕೊನೆ ಮತ್ತು 2018ರ ಆರಂಭದಲ್ಲಿ ಇಲ್ಲಿ ಅನೇಕ ಹೆಜ್ಜಾರ್ಲೆಗಳು ಸತ್ತಾಗ, ಪರೀಕ್ಷೆಯಲ್ಲಿ ಅವುಗಳ ಹೊಟ್ಟೆಯಲ್ಲಿ ದುಂಡುಹುಳುಗಳ ಬಾಧೆ ಕಂಡುಬಂತು. ಮೀನಿನ ಮೂಲಕ ದೇಹ ಸೇರುವ ಇಂಥ ಪರಾವಲಂಬಿಗಳು ಕೆರೆಗಳ ಆರೋಗ್ಯದ ಸುಳಿವನ್ನೂ ಕೊಡುತ್ತವೆ, ಆದ್ದರಿಂದ ಅಂಥ ಮಾಹಿತಿ ಬೇಗ ಇಲಾಖೆಗೆ ತಲುಪುವುದು ಮುಖ್ಯ.

ಹಕ್ಕಿಗಳನ್ನು ಗುರುತಿಸುವುದು ಹೇಗೆ?

ಹೆಜ್ಜಾರ್ಲೆ ಬೂದುಮಿಶ್ರಿತ ಬಿಳಿ ಬಣ್ಣದ ಭಾರೀ ಹಕ್ಕಿ. ಕೊಕ್ಕಿನ ಕೆಳಗೆ ಜೋಲುವ ಚೀಲ, ಮೇಲ್ಕೊಕ್ಕಿನ ಉದ್ದಕ್ಕೂ ನೀಲಿಗಪ್ಪು ಚುಕ್ಕೆಗಳು. ಬಣ್ಣದ ಕೊಕ್ಕರೆಗೆ ತುದಿಯಲ್ಲಿ ಬಾಗಿದ ಹಳದಿ ಕೊಕ್ಕು, ಗರಿಯಿಲ್ಲದ ಕಿತ್ತಳೆ ಬಣ್ಣದ ಮುಖ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬಾಲದ ಹತ್ತಿರ ಗುಲಾಬಿ ಗರಿಗಳು. ಇವಲ್ಲದೆ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲು, ಇರುಳು ಬಕಗಳೂ ಊರಿನ ಸುತ್ತ ಕಾಣಸಿಗುತ್ತವೆ.

ತಲುಪುವುದು ಹೇಗೆ? ವಾಹನ ಎಲ್ಲಿ ನಿಲ್ಲಿಸಬೇಕು?

ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಚನ್ನಪಟ್ಟಣ ದಾಟಿ ಮದ್ದೂರಿಗೆ ಮುಂಚೆ ಸಿಗುವ ರುದ್ರಾಕ್ಷಿಪುರದ ಬಳಿ ತಿರುಗಿ ಹನ್ನೆರಡು ಹದಿಮೂರು ಕಿ.ಮೀ. ಒಳಗೆ ಹೋಗಬೇಕು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಿಂದ ಬೇಕಾದಲ್ಲಿ ಇಳಿಯಲಾಗುವುದಿಲ್ಲ, ಸರ್ವೀಸ್ ರಸ್ತೆ ಹಿಡಿಯುವುದು ಸುಲಭ. ಬೈಕು, ಆಟೊಗಳಿಗಂತೂ ಮುಖ್ಯ ಪಥದಲ್ಲಿ ಪ್ರವೇಶವೇ ಇಲ್ಲ. ವಾಹನವನ್ನು ಊರಿನ ಹೊರಭಾಗದಲ್ಲೇ ನಿಲ್ಲಿಸಿ ನಡೆದು ಹೋಗಿ. ಒಳಬೀದಿಗಳು ಕಿರಿದು, ಗಾಡಿ, ಟ್ರ್ಯಾಕ್ಟರ್ ಓಡಾಡುವ ದಾರಿಗೆ ಕಾರು ಅಡ್ಡವಾದರೆ ಇಡೀ ಬೀದಿಯ ಕೆಲಸ ನಿಲ್ಲುತ್ತದೆ. ಸಾಕುನಾಯಿಯನ್ನು ಕರೆತರಬೇಡಿ.

ಮಲೆನಾಡಿನ ಎಸ್ಟೇಟು, ತೋಟಗಳಲ್ಲಿ ಅಪರೂಪದ ಹಕ್ಕಿ ಇದೆಯೆಂದು ತಿಳಿದರೆ ಇದೇ ಕ್ರಮವೇ?

ಅನುಮತಿಯ ವಿಷಯದಲ್ಲಿ ಇದೇ ಕ್ರಮ, ಗುಟ್ಟಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ. ಕೊಕ್ಕರೆಬೆಳ್ಳೂರು ಎಲ್ಲರಿಗೂ ಗೊತ್ತಿರುವ ಊರು, ಹಕ್ಕಿಗಳ ಹಿಂದೆ ಇಡೀ ಸಮುದಾಯ ನಿಂತಿದೆ. ಆದರೆ ಫ್ರಾಗ್‌ಮೌತ್ ಎಂದು ಹಕ್ಕಿವೀಕ್ಷಕರು ಕರೆಯುವ, ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದಲ್ಲಿ ಮಾತ್ರ ಇರುವ ಕಪ್ಪೆಬಾಯಿ ಹಕ್ಕಿಯೊಂದು ತೋಟದಂಚಿನ ಗಿಡದಲ್ಲಿ ಹಗಲಿಡೀ ಒಣಗಿದೆಲೆಯ ಬಣ್ಣದಲ್ಲಿ ಅಲುಗಾಡದೆ ಕುಳಿತಿರುವಾಗ, ಅದರ ರಕ್ಷಣೆ ಇರುವುದೇ ಯಾರಿಗೂ ಕಾಣದಿರುವುದರಲ್ಲಿ. ಅಂಥ ಕೊಂಬೆಯ ಗೂಗಲ್ ಮ್ಯಾಪ್ ಗುರುತನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ವಾರದೊಳಗೆ ಅಲ್ಲಿಗೆ ಸಾಲು ಹತ್ತುತ್ತದೆ. ಮಾಲೀಕರು ನಿಮಗೆ ಕೊಟ್ಟ ಅನುಮತಿ ನಿಮಗೆ ಮಾತ್ರ. ಸ್ಥಳವನ್ನು ಇನ್ನೊಬ್ಬರಿಗೆ ಹೇಳುವ ಮುನ್ನ ಮತ್ತೆ ಅವರನ್ನೇ ಕೇಳಿ. ಹಕ್ಕಿ ಕಂಡದ್ದನ್ನು ದಾಖಲಿಸುವ ಜಾಲತಾಣವಾದ ಇಬರ್ಡ್‌ನಲ್ಲಿ ಬರೆಯುವವರು ತೋಟದ ಹೆಸರು ಹಾಕದೆ ಹತ್ತಿರದ ಊರಿನ ಮಟ್ಟಕ್ಕೆ ಸ್ಥಳ ನಮೂದಿಸಬಹುದು. ಕಳ್ಳಬೇಟೆಯ ಅಪಾಯವಿರುವ ಕೆಲವು ಪ್ರಭೇದಗಳ ನಿಖರ ಸ್ಥಳವನ್ನು ಆ ಜಾಲತಾಣವೇ ಸಾರ್ವಜನಿಕರಿಂದ ಮರೆಮಾಡುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಅದನ್ನು ಹತ್ತಿರಕ್ಕೆ ಕರೆಯುವುದನ್ನು ಗೂಡಿನ ಕಾಲದಲ್ಲಿ ಎಲ್ಲಿಯೂ ಮಾಡಬಾರದು. ತನ್ನ ಜಾಗಕ್ಕೆ ಬೇರೊಂದು ಹಕ್ಕಿ ನುಗ್ಗಿದೆಯೆಂದು ತಿಳಿದು ಅದು ಗೂಡು ಬಿಟ್ಟು ಹುಡುಕಾಡುತ್ತದೆ.

ಬೇರೆ ದೇಶಗಳಲ್ಲಿ ಹೀಗೆ ಮನೆಯ ಹಿತ್ತಲನ್ನು ಹಕ್ಕಿ ನೋಡುವವರಿಗೆ ತೆರೆದಿಟ್ಟ ಉದಾಹರಣೆ ಇದೆಯೇ?

ಇದೆ. ಅಮೆರಿಕದ ಅರಿಜೋನಾ ರಾಜ್ಯದ ಪ್ಯಾಟಗೋನಿಯಾ ಎಂಬ ಸಣ್ಣ ಊರಿಗೆ 1970ರ ದಶಕದಲ್ಲಿ ಬಂದು ನೆಲೆಸಿದ ವಾಲಿ ಮತ್ತು ಮರಿಯನ್ ಪ್ಯಾಟನ್ ದಂಪತಿ ತಮ್ಮ ಅಂಗಳದಲ್ಲಿ ಝೇಂಕಾರದ ಹಕ್ಕಿಗಳಿಗೆ (ಹಮ್ಮಿಂಗ್ ಬರ್ಡ್) ಸಕ್ಕರೆ ನೀರಿನ ಪಾತ್ರೆಗಳನ್ನು ತೂಗುಹಾಕಿದರು. ಆ ದೇಶದಲ್ಲಿ ಬಹಳ ಕಡಿಮೆ ಕಡೆ ಕಾಣುವ, ನೇರಳೆ ನೆತ್ತಿಯ ಝೇಂಕಾರದ ಹಕ್ಕಿ ಅಲ್ಲಿಗೆ ಬರುತ್ತದೆಂದು ತಿಳಿದು ಜನ ಬೇಲಿಯ ಹೊರಗೆ ನಿಲ್ಲತೊಡಗಿದಾಗ, ದಂಪತಿ ಗೇಟು ತೆರೆದು, ಕೂರಲು ಆಸನ ಹಾಕಿ, ಸಕ್ಕರೆಯ ಖರ್ಚಿಗೆಂದು ಒಂದು ಡಬ್ಬಿ ಇಟ್ಟರು. ಇಬ್ಬರೂ ತೀರಿಕೊಂಡ ಮೇಲೆ ಪಕ್ಷಿಪ್ರಿಯರು ಹಣ ಕೂಡಿಸಿ ಆ ಜಾಗವನ್ನು ಉಳಿಸಿದರು. 2014ರಿಂದ ಟ್ಯೂಸಾನ್ ಆಡುಬಾನ್ ಸಂಸ್ಥೆ (ಈಗ ಅದರ ಹೆಸರು ಟ್ಯೂಸಾನ್ ಬರ್ಡ್ ಅಲಯನ್ಸ್) ಅದನ್ನು ನಡೆಸುತ್ತಿದೆ. ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿಗೆ ಹೋಗಬಹುದು. ಅಲ್ಲಿ ಹಕ್ಕಿಗಳನ್ನು ಕರೆದದ್ದು ಆಹಾರ, ಕೊಕ್ಕರೆಬೆಳ್ಳೂರಿನಲ್ಲಿ ಯಾರೂ ಹಕ್ಕಿಗಳಿಗೆ ಆಹಾರ ಇಡುವುದಿಲ್ಲ, ಮರವನ್ನು ಮಾತ್ರ ಬಿಟ್ಟುಕೊಟ್ಟಿದ್ದಾರೆ. ಇಲ್ಲಿಗೆ ಬರುವವರೂ ಮೀನು, ತಿಂಡಿ ಎಸೆಯಬಾರದು.

ದೇಶದೊಳಗೇ ತಮಿಳುನಾಡಿನ ಕೂಂತಂಕುಳಂ, ಆಂಧ್ರದ ತೇಲಿನೀಲಾಪುರಂ ಮತ್ತು ವೀರಾಪುರಂ ಇಂಥದೇ ಊರುಗಳು; ಅಲ್ಲಿಯೂ ಮನೆಗಳ ನಡುವಿನ ಮರಗಳಲ್ಲಿ ಹಕ್ಕಿಗಳು ಮರಿ ಮಾಡುತ್ತವೆ.

ನಮ್ಮದೇ ಹಿತ್ತಲಿಗೆ ಅಪರೂಪದ ಹಕ್ಕಿ ಬಂದರೆ ಜನರಿಗೆ ತಿಳಿಸಬೇಕೇ?

ಅದು ಸಂಪೂರ್ಣವಾಗಿ ನಿಮ್ಮ ಇಷ್ಟ. ತಿಳಿಸದಿದ್ದರೆ ಅದು ಸ್ವಾರ್ಥವಲ್ಲ. ತಿಳಿಸುವುದಾದರೆ ಯಾವ ದಿನ, ಯಾವ ಹೊತ್ತು, ಒಮ್ಮೆಗೆ ಎಷ್ಟು ಜನ ಎಂಬುದನ್ನು ಮೊದಲೇ ನಿಗದಿಪಡಿಸಿ, ಪಕ್ಕದ ಮನೆಯವರಿಗೂ ಹೇಳಿಡಿ, ಪರಿಚಿತ ಹಕ್ಕಿವೀಕ್ಷಕರೊಬ್ಬರ ಮೂಲಕವೇ ಬರುವಂತೆ ಮಾಡಿ. ಹಕ್ಕಿ ಗೂಡು ಕಟ್ಟುತ್ತಿದ್ದರೆ ಮರಿ ಹಾರುವವರೆಗೆ ಯಾರಿಗೂ ಹೇಳದಿರುವುದು ಒಳ್ಳೆಯದು.

ಬೆಂಗಳೂರಿನಂಥ ನಗರಗಳಲ್ಲಿ ಮಳೆಗಾಲ ಮುಗಿಯುವ ಸಮಯದಲ್ಲಿ ಬರುವ ಅತಿಥಿಯೆಂದರೆ ನವರಂಗ. ಉತ್ತರದ ಕಾಡುಗಳಿಂದ ರಾತ್ರಿಯಲ್ಲಿ ವಲಸೆ ಬರುವ ಈ ಹಕ್ಕಿ ದಣಿದು ಮನೆಗಳ ಕೈತೋಟದಲ್ಲಿ ಇಳಿಯುತ್ತದೆ, ಕಿಟಕಿಯ ಗಾಜಿಗೆ ಬಡಿದು ಬೀಳುವುದೂ ಉಂಟು. ಎಲೆಗಳ ನಡುವೆ ಹುಳು ಹೆಕ್ಕುತ್ತಿದ್ದರೆ ಅದರ ಪಾಡಿಗೆ ಬಿಡಿ, ಬೆಕ್ಕುನಾಯಿಗಳನ್ನು ಒಳಗೆ ಕಟ್ಟಿ, ಉದುರಿದ ಎಲೆಗಳನ್ನು ಒಂದೆರಡು ದಿನ ಗುಡಿಸಬೇಡಿ. ಗಾಜಿಗೆ ಬಡಿದು ಬಿದ್ದಿದ್ದರೆ ಗಾಳಿಯಾಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಕತ್ತಲಾದ ಸದ್ದಿಲ್ಲದ ಜಾಗದಲ್ಲಿ ಇರಿಸಿ. ಬಾಯಿಗೆ ನೀರು ಹಾಕಬೇಡಿ. ಒಂದೆರಡು ಗಂಟೆಯಲ್ಲಿ ಚೇತರಿಸಿಕೊಂಡರೆ ಅದೇ ಹಿತ್ತಲಿನ ಗಿಡಗಳ ಬಳಿ ಪೆಟ್ಟಿಗೆ ತೆರೆಯಿರಿ. ಏಳದಿದ್ದರೆ ಅಥವಾ ರೆಕ್ಕೆ ಜೋತುಬಿದ್ದಿದ್ದರೆ ಹತ್ತಿರದ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಕರೆ ಮಾಡಿ.